ಬಾನೆಟ್ ಮೇಲಿನ ಕೆಂಪು ಚುಕ್ಕಿ

ದೀಪಾವಳಿಗೆ ನಮ್ಮೂರು ನನ್ನಿವಾಳಕ್ಕೆ ಬಂದ ಭಾವ, ಕಾರನ್ನು ನಮ್ಮ ಮನೆ ಮುಂದೆಯೇ ಬಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸಾದರು. ಶೇಂಗಾ ಬಿಡಿಸುವ ಕಾಲ, ಅಕ್ಕ ಒಂದು ವಾರ ಉಳಿದಳು. ಮನೆಗೆ ಹೊಂದಿಕೊಂಡೇ ನನ್ನ ವೆಲ್ಡಿಂಗ್ ಶೆಡ್ಡು. ಗೇಟೊಂದರ ಕೆಲಸ ಬಂದಿತ್ತು. ಎರಡು ದಿನ ಗ್ರೈಂಡರ್ ಹಿಡಿದು ಬೆಸುಗೆ ಉಜ್ಜಿದೆ. ಕಿಡಿ ಎತ್ತ ಹಾರುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮೂರನೇ ದಿನ ಬೆಳಿಗ್ಗೆ, ಇಬ್ಬನಿಗೆ ತೊಯ್ದ ಬಿಳಿ ಬಾನೆಟ್ ತುಂಬ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು. ಮಣ್ಣಿನ ಧೂಳೆಂದು ನೀರು ಹೊಯ್ದೆ, ಹೋಗಲಿಲ್ಲ. ಸೋಪಿನ ಪುಡಿಗೂ ಬಗ್ಗಲಿಲ್ಲ. ಗಾಬರಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದು ತಿಕ್ಕಿದೆ. ಹತ್ತು ವರ್ಷ ಕಬ್ಬಿಣದ ಜೊತೆ ಬಾಳಿದ ನನಗೆ, ಅವು ನನ್ನದೇ ಗ್ರೈಂಡರಿನ ಕಬ್ಬಿಣದ ಚೂರು ಎಂದು ಹೊಳೆಯಲಿಲ್ಲ. ಕಾದ ಚೂರು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ, ತೇವ ತಾಗಿದರೆ ತುಕ್ಕು ಹಿಡಿಯುತ್ತದೆ. ನಾರು ಅದನ್ನು ತೆಗೆಯಲಿಲ್ಲ, ಬಣ್ಣವನ್ನೇ ಗೀರಿತು.

ಪರಿಚಯದವರೊಬ್ಬರು ಕ್ಲೇ ಬಾರ್ ಕೊಟ್ಟರು. ಕಣಕದ ಹಾಗೆ ಮೆತ್ತಗಿನ ಉಂಡೆ. ಸೋಪಿನ ನೀರು ಧಾರಾಳವಾಗಿ ಚಿಮುಕಿಸಿ, ಹಗುರಾಗಿ ಜಾರಿಸಬೇಕು. ನಾನು ನೀರು ಉಳಿಸಿದೆ. ಕೈಜಾರಿ ಉಂಡೆ ಅಂಗಳದ ಮಣ್ಣಿಗೆ ಬಿತ್ತು. ನೆಲಕ್ಕೆ ಬಿದ್ದದ್ದನ್ನು ಎಸೆದುಬಿಡಬೇಕು ಎಂದು ಅವರು ಹೇಳಿದ್ದರು. ಲುಂಗಿಗೆ ಒರೆಸಿ ಮತ್ತೆ ಉಜ್ಜಿದೆ. ಬಿಸಿಲಿಗೆ ನೋಡಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಗೀರು. ‘ಇದೇನೋ ತಮ್ಮಾ?’ ಎಂದಳು ಅಕ್ಕ. ‘ಹುಡುಗರು ಗೀಚಿರಬೇಕು’ ಎಂದೆ.

ಮರುದಿನ ಚಳ್ಳಕೆರೆಗೆ ಒಯ್ದೆ. ಅಲ್ಲಿ ಪೇಂಟ್ ಕೆಲಸದ ಹುಡುಗನೊಬ್ಬ ಕಾರನ್ನು ನೆರಳಿಗೆ ನಿಲ್ಲಿಸಿ ತೊಳೆದ. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಬಾಗಿಲ ಮೇಲೆ ಸವರು ಎಂದ. ಕಣ್ಣಿಗೆ ನುಣ್ಣಗಿದ್ದ ಜಾಗದಲ್ಲೂ ರವೆ ಹರಡಿದಂತೆ ಬೆರಳು ತಡೆಯಿತು. ಆಮೇಲೆ ಐರನ್ ರಿಮೂವರ್ ಸಿಂಪಡಿಸಿದ. ಕೊಳೆತ ಮೊಟ್ಟೆಯ ವಾಸನೆ. ಮೂರು ನಿಮಿಷದೊಳಗೆ ಒಂದೊಂದು ಚುಕ್ಕಿಯಿಂದಲೂ ನೇರಳೆ ಬಣ್ಣದ ಗೆರೆ ಇಳಿಯತೊಡಗಿತು. ಕಬ್ಬಿಣ ಕರಗಿ ಹರಿಯುತ್ತಿತ್ತು. ನಾನು ಮೈಯೆಲ್ಲ ಬಲ ಹಾಕಿ ತೆಗೆಯಲಾಗದ್ದು ಕೈ ಸೋಕದೆ ಬಿಡುತ್ತಿತ್ತು. ಒಣಗುವ ಮೊದಲೇ ತೊಳೆದ. ಚಕ್ರದ ಮೇಲಿನ ಡಾಂಬರಿನ ಕಲೆಗೆ ಸೀಮೆಎಣ್ಣೆ ಅದ್ದಿದ ಬಟ್ಟೆ ಇಟ್ಟು, ಮೆತ್ತಗಾದ ಮೇಲೆ ಒರೆಸಿದ. ಕ್ಲೇ ಹಿಡಿದದ್ದು ಕಟ್ಟಕಡೆಗೆ. ಸುರಿಯುವಷ್ಟು ಸೋಪಿನ ನೀರು, ನಾಲ್ಕು ಸಲ ಸವರಿದರೆ ಒಮ್ಮೆ ಮಡಚಿ ಹೊಸ ಮೈ.

ಗೀರು ಮಾತ್ರ ಉಳಿಯಿತು. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪಾಲಿಶ್ ಎಂದರೆ ಅದನ್ನೇ ಒಂದಿಷ್ಟು ಸವೆಸುವುದು. ಪಾಲಿಶ್ ಹಾಕಿದ ಮೇಲೆ ಸಣ್ಣ ಗೆರೆಗಳು ಮಾಯವಾದವು, ಉಗುರು ಸಿಕ್ಕಿಕೊಳ್ಳುವಂಥವನ್ನು ಅವನು ಮುಟ್ಟಲಿಲ್ಲ.

ಭಾನುವಾರ ಭಾವ ಬಂದರು. ಬಾನೆಟ್ ಮೇಲೆ ಬೆರಳಾಡಿಸಿ, ಒಂದು ಗೆರೆಯ ಹತ್ತಿರ ಉಗುರು ನಿಲ್ಲಿಸಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ‘ಹುಡುಗರಲ್ಲ ಭಾವಾ, ನಾನೇ’ ಎಂದು ಗ್ರೈಂಡರಿನಿಂದ ಹಿಡಿದು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾರನ್ನು ಶೆಡ್ಡಿನಿಂದ ದೂರ, ಬೇವಿನ ಮರದಾಚೆ ಒಯ್ದು ನಿಲ್ಲಿಸಿ ಬಂದರು. ‘ಕಾಫಿ ಕೊಡಿಸು ನಡಿ’ ಎಂದರು.