ಮರ ಬಲ್ಲವರ ಕೈಗೆ ಯಂತ್ರ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಶಿವನಸಮುದ್ರ ಹತ್ತಿರ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಶಾಲೆಯ ಮಕ್ಕಳಿಗೂ ಗೊತ್ತು. ನನ್ನ ಮನಸ್ಸು ಹೋಗುವುದು ಅದಕ್ಕಿಂತ ಸ್ವಲ್ಪ ಹಿಂದಕ್ಕೆ. ಪರದೇಶದಿಂದ ಬಂದ ಆ ಭಾರಿ ಯಂತ್ರಗಳು ಜಲಪಾತದ ಹತ್ತಿರಕ್ಕೆ ಬಂದು ಸೇರಿದ್ದು ಪ್ರಾಣಿಗಳು ಎಳೆದ ಗಾಡಿಗಳ ಮೇಲೆ. ಹೊಸ ವಿದ್ಯೆ ಅಲ್ಲಿಗೆ ಹಳೆಯ ವಿದ್ಯೆಯ ಹೆಗಲೇರಿಯೇ ಬಂತು.

ಗಾಡಿ ಚಕ್ರ ಕಟ್ಟುವುದನ್ನು ನಿಂತು ನೋಡಿದವರಿಗೆ ಆ ಹಳೆಯ ವಿದ್ಯೆಯ ತೂಕ ಗೊತ್ತು. ಒಣಗಿದ ಜಾಲಿ ಮರ, ನಡುವೆ ಗುಂಬ, ಸುತ್ತ ಅರೆಕಾಲು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳು, ಕೊನೆಗೆ ಕಬ್ಬಿಣದ ಪಟ್ಟಾ. ಪಟ್ಟಾವನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಮಾಡಿರುತ್ತಾರೆ. ಸುತ್ತ ಬೆರಣಿ ಒಟ್ಟಿ ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ಇಳಿಸಿ ನೀರು ಸುರಿದೊಡನೆ ಭುಸ್ಸೆಂದು ಆವಿ ಏಳುತ್ತದೆ, ಸಡಿಲವಿದ್ದ ಕೀಲುಗಳೆಲ್ಲ ಕಟಕಟನೆ ಬಿಗಿಯುತ್ತವೆ. ಪಟ್ಟಾ ತೀರಾ ಚಿಕ್ಕದಾದರೆ ಅರೆಕಾಲಿಗೆ ಪೆಟ್ಟು, ದೊಡ್ಡದಾದರೆ ಬೇಸಿಗೆಯಲ್ಲಿ ಮರ ಕುಗ್ಗಿ ಪಟ್ಟಾ ಕಳಚುತ್ತದೆ. ಆ ಅಳತೆಯನ್ನು ಆಚಾರ್ರು ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ.

ಈಗ ಕಬ್ಬಿನ ಗಾಡಿಗೆ ರಬ್ಬರ್ ಟೈರು ಬಂದಿದೆ, ಅಡುಗೆಮನೆಗೆ ಪ್ಲೈವುಡ್ ಕಪಾಟು. ಈ ಸೀಮೆಯ ವಯಸ್ಸಾದ ಆಚಾರ್ರೊಬ್ಬರನ್ನು ಕೇಳಿದೆ: "ಮಗನಿಗೆ ಕೆಲಸ ಕಲಿಸಲಿಲ್ವಾ ಆಚಾರ್ರೇ?"

"ಕಲಿಸ್ದೆ ಸ್ವಾಮಿ. ಬೆಂಗ್ಳೂರಲ್ಲಿ ಕೆಲ್ಸ ಕೇಳುದ್ರೆ ಸರ್ಟಿಫಿಕೇಟ್ ಎಲ್ಲಿ ಅಂತಾರೆ. ನಾ ಕಲಿಸಿದ್ದಕ್ಕೆ ಯಾರು ಸರ್ಟಿಫಿಕೇಟ್ ಕೊಟ್ಟಾರು?"

ಈ ಪ್ರಶ್ನೆಗೆ ಜರ್ಮನಿ ಒಂದು ಉತ್ತರ ಕಂಡುಕೊಂಡಿದೆ. ಅಲ್ಲಿ ಬಡಗಿಯಾಗುವವರ ಕಲಿಕೆ ಮೂರು ವರ್ಷದ್ದು. ಶಾಲೆಯೂ ಉಂಟು, ಕೆಲಸದ ಮನೆಯೂ ಉಂಟು. ಕಲಿಯುತ್ತಿರುವಾಗಲೇ ಕೈಗೆ ಸಂಬಳ. ಯುರೋಪಿನಲ್ಲಿ ಮರಕ್ಕೆ ಮತ್ತೆ ಒಳ್ಳೆಯ ಕಾಲ ಬಂದಿದೆ. ನಾರ್ವೆಯಲ್ಲಿ 2019ರಲ್ಲಿ 18 ಅಂತಸ್ತಿನ, 85 ಮೀಟರ್ ಎತ್ತರದ ಮ್ಯೋಸ್ಟಾರ್ನೆಟ್ ಎಂಬ ಮರದ ಕಟ್ಟಡವೇ ಎದ್ದಿತು. ಅದರ ತೊಲೆಗಳನ್ನು ಕೊಯ್ದದ್ದು ಕಂಪ್ಯೂಟರ್ ನಡೆಸುವ ಯಂತ್ರ. ಆದರೆ ಮರ ಉದ್ದಕ್ಕೆ ಹೆಚ್ಚು ಕುಗ್ಗದು, ಅಡ್ಡಕ್ಕೆ ಕುಗ್ಗೀತು ಎಂದು ತಿಳಿಯದವನ ಕೈಯಲ್ಲಿ ಆ ಯಂತ್ರವೂ ಒಳ್ಳೆಯ ಹಲಗೆಯನ್ನು ಕೆಡಿಸೀತು.

ನಮ್ಮಲ್ಲಿ ಬುನಾದಿ ಇಲ್ಲವೆಂದಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಕುಶಲಕಲೆಗೆ ಅರಸರು ಅರಮನೆಯಂಥ ಕಟ್ಟಡವನ್ನೇ ಕಟ್ಟಿಸಿದರು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಇಟಲಿಯ ಬಿಯೆಸ್ಸೆ ಕಂಪನಿಯ ಜೊತೆ ಸೇರಿ, ಹೊಸ ಯಂತ್ರಗಳ ಮೇಲೆ ಮರಗೆಲಸ ಕಲಿಸುವ ಕೇಂದ್ರ ನಡೆಸಿದೆ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳು ಹೊಸ ಯಂತ್ರಗಳೊಂದಿಗೆ ಸಜ್ಜಾದವು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು: ಗುರುತಿನ ಚೀಟಿ, ಪ್ರಮಾಣಪತ್ರ, ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಲ್ಲಿ ದಿನಕ್ಕೆ 500. ಆಚಾರ್ರು ಕೇಳಿದ ಪ್ರಶ್ನೆಗೆ ಇಷ್ಟಾದರೂ ಕಿವಿಗೊಟ್ಟದ್ದು ಸಂತೋಷವೇ. ಆದರೆ ಮೊದಲ ಹಂತದ ತರಬೇತಿ ಐದರಿಂದ ಏಳು ದಿನದ್ದು. ಅಷ್ಟರಲ್ಲಿ ಹೊಸ ಯಂತ್ರದ ಗುರುತು ಹಿಡಿಯಬಹುದು, ಅದರಲ್ಲಿ ಕೈ ಪಳಗದು.

ನನ್ನ ಆಸೆ ಇಷ್ಟು. ಬೆಳಕವಾಡಿಯ ಹುಡುಗ, ಹುಡುಗಿ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದ ಐಟಿಐಯಲ್ಲಿ ಮರಗೆಲಸ ಪೂರ್ತಿ ಪಾಠವಾಗಬೇಕು. ಮೊದಲ ಕೆಲವು ತಿಂಗಳು ಉಳಿ, ಬಾಚಿ, ಗರಗಸ. ಹಸಿ ಯಾವುದು, ಒಣಗಿದ್ದು ಯಾವುದು, ಎಳೆ ಯಾವ ಕಡೆಗೆ ಓಡುತ್ತದೆ ಎಂಬ ಪಾಠ. ಆಮೇಲೆ ಕಂಪ್ಯೂಟರ್‌ನಲ್ಲಿ ನಕ್ಷೆ, ಯಂತ್ರದಲ್ಲಿ ಕೊಯ್ತ. ಮೊದಲ ಪಾಠಕ್ಕೆ ಊರಿನ ಆಚಾರ್ರನ್ನೇ ಸಂಬಳ ಕೊಟ್ಟು ಕರೆಸಲಿ; ಅವರಿಗೆ ಡಿಪ್ಲೊಮಾ ಇಲ್ಲವೆಂದು ಬಾಗಿಲಲ್ಲಿ ನಿಲ್ಲಿಸುವುದು ಬೇಡ. ಕೋರ್ಸು ಮುಗಿದಾಗ ಪ್ರಾಂಶುಪಾಲರ ಸಹಿಯ ಪಕ್ಕದಲ್ಲಿ ಅವರ ಸಹಿಯೂ ಬೀಳಲಿ. ಹಾಗಾದರೆ ಅಪ್ಪ ಕಲಿಸಿದ್ದನ್ನು ಬೆಂಗಳೂರಿನಲ್ಲಿ ಯಾರೂ ತಳ್ಳಿಹಾಕಲಾರರು.