ಹರಿಹರದ ಪ್ಲಾಟ್‌ಫಾರ್ಮಿನಲ್ಲಿ ಕೇಳಿದ ಕೂಗು

ರಜೆಗೆ ದಾವಣಗೆರೆಗೆ ಬಂದ ಮೊಮ್ಮಗಳಿಗೆ ಮೊದಲು ಬೆಣ್ಣೆ ದೋಸೆ, ಆಮೇಲೆ ಹರಿಹರ. ಇದು ನಮ್ಮ ಮನೆಯ ಕ್ರಮ. ಈಗ ಆರನೇ ತರಗತಿ. ದೋಸೆಯ ಮೇಲೆ ಬೆಣ್ಣೆ ಕರಗುವುದನ್ನೇ ನೋಡುತ್ತಾ ಕೇಳಿದಳು: "ಅಜ್ಜ, ಸಂತಮಸ ಗೊತ್ತಾ?"

ಗೊತ್ತಿತ್ತು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೂ ಒಂದು ನಕ್ಷತ್ರಕ್ಕೆ, ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತು. ನಮ್ಮ ಪಾಲಿನ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಎಂದೂ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಾಯಿತು. ಮಬ್ಬು ಕವಿದದ್ದು ಎಂದರ್ಥ. ಗುರುಗ್ರಹದಂಥ ದೈತ್ಯ. ಆದರೆ ನಕ್ಷತ್ರಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಎರಡು ದಿನ ಕಳೆದು ಸ್ವಲ್ಪ ಹೊತ್ತಿಗೆ ಅದಕ್ಕೊಂದು ವರ್ಷವೇ ಮುಗಿಯುತ್ತದೆ. ಕಾದ ಹಂಚಿನ ಪಕ್ಕದಲ್ಲೇ ವಾಸ!

"ಅಲ್ಲಿಗೆ ಯಾರೂ ಹೋಗಿಲ್ಲ, ಕಣ್ಣಿಗೂ ಕಾಣಲ್ಲ. ಅಂಥಾ ಗ್ರಹದ ಗಾಳೀಲಿ ಏನೈತೆ ಅಂತ ಹೆಂಗೆ ಹೇಳ್ತಾರೆ? ಬರೀ ಸುಳ್ಳು."

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಆ 'ಸುಳ್ಳು' ಚುಚ್ಚಿತು. ಸೂರ್ಯನಂಥ ಬೇರೊಂದು ನಕ್ಷತ್ರಕ್ಕೆ ಗ್ರಹವಿದೆ ಎಂದು ತಿಳಿದದ್ದು 1995ರಲ್ಲಿ. ಅದಕ್ಕೆ ಮುಂಚೆ, 'ಅದೆಲ್ಲ ನಮಗೆಂದೂ ಗೊತ್ತಾಗದು' ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿದವನು ನಾನೇ. ಆ ಮಕ್ಕಳಿಗೆಲ್ಲ ಈಗ ಐವತ್ತರ ಹತ್ತಿರ. ಯಾರ ಮನೆಗೆ ಹೋಗಿ ತಿದ್ದಲಿ?

ರೈಲು ಹತ್ತಿದೆವು. ಹರಿಹರ ಹದಿನಾಲ್ಕು ಕಿಲೋಮೀಟರ್. ಮಂಡಕ್ಕಿ ಪೊಟ್ಟಣ ಮುಗಿಯುವುದರೊಳಗೆ ಬಂತು. ಇಳಿದು ನಿಂತಿದ್ದಾಗ, ಅಲ್ಲಿ ನಿಲ್ಲದ ಗಾಡಿಯೊಂದು ಕೂಗುತ್ತಾ ಹಾದುಹೋಯಿತು. ಬರುವಾಗ ಕೂಗು ಕೀಚಲು, ದಾಟಿದ ಕೂಡಲೇ ದಪ್ಪ.

"ಕಣ್ಣು ಮುಚ್ಚಿದ್ದರೂ ಗಾಡಿ ಬರ್ತೈತೋ ಹೋಗ್ತೈತೋ ಹೇಳ್ತಿದ್ದೆಯಲ್ಲ?"

"ಹ್ಞೂಂ."

"ಬೆಳಕೂ ಹಂಗೇ."

ಅಲ್ಲೇ ಬೆಂಚಿನ ಮೇಲೆ ಕುಳಿತು ಹೇಳಿದೆ. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ನೋಡಿದರೆ ನಡುನಡುವೆ ಗೆರೆಗಳಿರುತ್ತವೆ. ಒಂದೊಂದು ಅನಿಲಕ್ಕೂ ಅದರದೇ ಗೆರೆಗಳ ಸಾಲು. ನಮ್ಮ ನಾಡಿಗೆ ಇದು ಹೊಸದೇನಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಇಂಥ ಉಪಕರಣ ಹೂಡಿ ಕಾದಿದ್ದರು. ಮೋಡದ ಸಂದಿನಲ್ಲೇ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಹೊಳೆಯುವ ಗೆರೆ ಕಂಡು, ಅದು ಕಾದ ಅನಿಲವೆಂದು ತಿಳಿದರು.

ಈಗಿನ ಉಪಕರಣಗಳು ಬಣ್ಣದಲ್ಲಿ ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸವನ್ನೂ ಹಿಡಿಯುತ್ತವೆ. ನಕ್ಷತ್ರದ ಗೆರೆಗಳು ಹೆಚ್ಚುಕಡಿಮೆ ನಿಂತಲ್ಲೇ ಇರುತ್ತವೆ. ನಮ್ಮ ಭೂಮಿಯ ಗಾಳಿಯ ಗೆರೆಗಳಂತೂ ಅಲುಗುವುದೇ ಇಲ್ಲ. ನಕ್ಷತ್ರವನ್ನು ಸುತ್ತಿ ಓಡುವ ಗ್ರಹದ ಗೆರೆಗಳು ಮಾತ್ರ, ಗಾಡಿಯ ಕೂಗಿನಂತೆ, ಸರಿಯುತ್ತಾ ಹೋಗುತ್ತವೆ. ನಿಂತದ್ದನ್ನೆಲ್ಲ ಅಳಿಸಿಬಿಟ್ಟರೆ ಉಳಿಯುವುದು ಗ್ರಹದ್ದು.

2010ರಲ್ಲಿ ಪ್ರಕಟವಾದ ಕೆಲಸ ಹೀಗೇ ನಡೆಯಿತು. ಚಿಲಿ ದೇಶದ ದೊಡ್ಡ ದೂರದರ್ಶಕದಲ್ಲಿ ಸುಮಾರು ಐದು ತಾಸು ಎಚ್‌ಡಿ 209458 ಬಿ ಎಂಬ ಬಿಸಿ ದೈತ್ಯ ಗ್ರಹವನ್ನು ಗಮನಿಸಿದರು. ಅದರ ಗಾಳಿಯಲ್ಲಿ ಕಾರ್ಬನ್ ಮೋನಾಕ್ಸೈಡ್ ಸಿಕ್ಕಿತು. ಗ್ರಹದ ಓಟ ಸೆಕೆಂಡಿಗೆ 140 ಕಿ.ಮೀ. ಆಸುಪಾಸು ಎಂದೂ ತಿಳಿಯಿತು. ಬಿಸಿ ಮಗ್ಗುಲಿಂದ ತಣ್ಣನೆಯ ಮಗ್ಗುಲಿಗೆ ಬೀಸುವ ಬಿರುಗಾಳಿಯ ಸುಳಿವೂ ಸಿಕ್ಕಿತು.

"ಎರಡು ಮಗ್ಗುಲು ಯಾಕೆ?"

ಉತ್ತರಕ್ಕೆ ಹರಿಹರೇಶ್ವರನ ಗುಡಿಯೇ ಬಂತು. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. "ಆ ಗ್ರಹಗಳು ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸ್ತಾವೆ. ಅರ್ಧ ಯಾವಾಗಲೂ ಹಗಲು, ಅರ್ಧ ಯಾವಾಗಲೂ ರಾತ್ರಿ" ಎಂದೆ. ತುಂಗಭದ್ರೆಯ ದಂಡೆಗೆ ಬರುವ ತನಕ ಅವಳು ಮಾತಾಡಲಿಲ್ಲ. ಅಲ್ಲಿ ಕಾಲು ಇಳಿಬಿಟ್ಟು ಮತ್ತೆ ಶುರು ಮಾಡಿದಳು: "ಅಷ್ಟು ದೂರದ ಸಣ್ಣ ಗೆರೆ ಗದ್ದಲದಾಗೆ ಕಳೆದುಹೋಗಲ್ವಾ?"

ಕಳೆದುಹೋಗುತ್ತದೆ. ನಾನೂ ಹೋಗಿದ್ದೆ.

ಸಂಜೆ ದಾವಣಗೆರೆಗೆ ಮರಳಿ ದುರ್ಗಾಂಬಿಕೆಯ ಗುಡಿಯ ಬೀದಿಗೆ ಕರೆದೊಯ್ದು ಜಾಗ ತೋರಿಸಿದೆ. ದುಗ್ಗಮ್ಮನ ಜಾತ್ರೆ, ನನಗೆ ಏಳು ವರ್ಷ. ಅವ್ವನ ಸೆರಗು ಕೈತಪ್ಪಿತು. ಡೊಳ್ಳು, ಪೀಪಿ, ಸಾವಿರಾರು ಜನ. ಅಳುತ್ತಾ ನಿಂತೆ. ಅವ್ವ ಅತ್ತಿತ್ತ ಓಡದೆ ಒಂದು ಕಡೆ ನಿಂತು ಕಿವಿಗೊಟ್ಟಳಂತೆ. ನಾನು ಅಳುವಾಗ ಎರಡು ಸಲ "ಅವ್ವಾ", ಒಂದು ಸಲ ಮೂಗೆಳೆತ, ಮತ್ತೆರಡು ಸಲ "ಅವ್ವಾ". ಆ ವರಸೆ ಅವಳಿಗೆ ಬಾಯಿಪಾಠ. ಒಂದು ಕೂಗಾಗಿದ್ದರೆ ಗದ್ದಲದಲ್ಲಿ ಮುಳುಗುತ್ತಿತ್ತು, ವರಸೆ ಮುಳುಗಲಿಲ್ಲ.

"ಆ ಅನಿಲಕ್ಕೂ ಹತ್ತಾರು ಗೆರೆ. ಒಂದೊಂದೂ ಗದ್ದಲದಲ್ಲಿ ಕಾಣದು. ಆದರೆ ಯಾವ ಯಾವ ಜಾಗದಲ್ಲಿ ಇರಬೇಕು ಅಂತ ಮೊದಲೇ ಗೊತ್ತು. ಎಲ್ಲಾ ಕೂಡಿಸಿ ನೋಡ್ತಾರೆ."

"ಅಜ್ಜಿ ಹೊಡೆದ್ರಾ?"

"ಹುಡುಕಿದ ಮೇಲೆ ಚೆನ್ನಾಗಿ."

ಬೀದಿಯಲ್ಲಿ ಸಂಜೆಯ ಜನ ಏರುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಪಕ್ಕದಲ್ಲಿ ಅವಳಿಲ್ಲ. ಎದೆ ಧಸಕ್ಕೆಂದಿತು. ನನ್ನ ಕಿವಿ ಈಗ ಮಂದ. ಆಟೋಗಳ ಹಾರನ್ ನಡುವೆ ಹಿಂದೆಲ್ಲೋ ಎರಡು ಸಲ "ಅಜ್ಜಾ", ಒಂದು ಮೂಗೆಳೆತ, ಮತ್ತೆರಡು ಸಲ "ಅಜ್ಜಾ". ತಿರುಗಿದೆ. ಮಿರ್ಚಿ ಬಂಡಿಯ ಪಕ್ಕ ನಿಂತು ನಗುತ್ತಿದ್ದಳು.