ಬೇರಿಂಗ್ ಕೂರಿಸಿದ ಮೇಲಿನ ಕೆಲಸ

ದೋಣಿ ಇಟ್ಟವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: "ಬೇರಿಂಗ್ ಹೋಗಿತ್ತು, ಹೊಸದು ಹಾಕಿಸಿದೆ." ಅಲ್ಲಿಗೆ ವಿಷಯ ಮುಗಿಯಿತು ಎಂಬ ಧಾಟಿ. ನನ್ನ ಪ್ರಕಾರ ಅದು ಶುರುವಾಗುವುದೇ ಅಲ್ಲಿಂದ. ಹಳೆಯದು ಯಾಕೆ ಹೋಯಿತು? ಸವೆದು ಹೋಯಿತೋ, ನೀರು ಹೊಕ್ಕು ತುಕ್ಕು ತಿಂದು ಹೋಯಿತೋ, ಇಲ್ಲ ಶಾಫ್ಟು ಸೊಟ್ಟಗೆ ನಿಂತು ಅದನ್ನು ಅರೆಯುತ್ತಿತ್ತೋ? ಇದನ್ನು ಕೇಳದೆ ಹೊಸದನ್ನು ಕೂರಿಸಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ.

ನಾನು ಹೇಳುತ್ತಿರುವುದು ಸ್ಟರ್ನ್‌ಡ್ರೈವ್ ದೋಣಿಗಳ ವಿಷಯ. ಮಲ್ಪೆಯ ಮೀನುಗಾರಿಕೆ ಬೋಟು ನೋಡುತ್ತ ಬೆಳೆದ ನನ್ನಂಥವರಿಗೆ ಇದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಮಲ್ಪೆಯ ಬೋಟಿನಲ್ಲಿ ಎಂಜಿನ್ನು ಒಳಗೆ. ಅಲ್ಲಿಂದ ಉದ್ದನೆಯ ಶಾಫ್ಟು ತಳ ಹಾದು ಹೊರಗೆ ಬರುತ್ತದೆ, ತುದಿಗೆ ಫ್ಯಾನು. ತಿರುಗಿಸಲು ಬೇರೆ ಚುಕ್ಕಾಣಿ. ನಾನೀಗ ಇರುವ ಅಮೆರಿಕದ ವಿಸ್ಕಾನ್ಸಿನ್‌ನ ಸರೋವರಗಳಲ್ಲಿ ಓಡುವ ಎಷ್ಟೋ ಮೋಜಿನ ದೋಣಿಗಳ ಕಟ್ಟು ಬೇರೆ. ಎಂಜಿನ್ನು ಒಳಗೇ ಇರುತ್ತದೆ, ಬಹುಪಾಲು ಜನರಲ್ ಮೋಟಾರ್ಸ್‌ನ ಕಾರು, ಟ್ರಕ್ಕುಗಳ ಎಂಜಿನ್ನಿನ ವಂಶದ್ದು. ಗೇರು, ಫ್ಯಾನು ಇರುವ ಕಾಲು ಮಾತ್ರ ದೋಣಿಯ ಹಿಂಗೋಡೆಯ ಹೊರಗೆ ಇಳಿಬಿದ್ದಿರುತ್ತದೆ. ಆ ಕಾಲೇ ಎಡಕ್ಕೆ ಬಲಕ್ಕೆ ಹೊರಳಿ ದೋಣಿಯನ್ನು ತಿರುಗಿಸುತ್ತದೆ. ದಡ ಹತ್ತಿರವಾದಾಗ ಅದನ್ನು ಮೇಲಕ್ಕೆತ್ತಿಕೊಳ್ಳಬಹುದು.

ಈ ಕಲ್ಪನೆಗೆ ರೂಪ ಕೊಟ್ಟವನು ಜಿಮ್ ವಿನ್ ಎಂಬ ಅಮೆರಿಕದ ಎಂಜಿನಿಯರ್. ಮೊದಲು ಮರ್ಕ್ಯುರಿ ಕಂಪನಿಯಲ್ಲಿದ್ದವನು. ಸ್ವೀಡನ್ನಿನ ವೋಲ್ವೊ ಪೆಂಟಾ ಅದನ್ನು ಕೈಗೆತ್ತಿಕೊಂಡು, 1959ರ ನ್ಯೂಯಾರ್ಕ್ ಬೋಟ್ ಶೋದಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಪ್ರದರ್ಶಿಸಿತು. ಎರಡೇ ವರ್ಷದಲ್ಲಿ ಮರ್ಕ್ಯುರಿಯೂ ಮರ್ಕ್ರೂಸರ್ ಎಂಬ ತನ್ನ ಸ್ಟರ್ನ್‌ಡ್ರೈವ್ ಹೊರತಂದಿತು. ಆ ಕಂಪನಿಯ ಕೇಂದ್ರ ಕಚೇರಿ ಈಗ ಇರುವುದು ಇದೇ ರಾಜ್ಯದ ಫಾನ್ ಡು ಲ್ಯಾಕ್ ಊರಿನಲ್ಲಿ, ವಿನ್ನೆಬೇಗೊ ಸರೋವರದ ದಕ್ಷಿಣ ದಂಡೆಗೆ.

ಒಳಗಿನ ಎಂಜಿನ್ನು ಅಲುಗಾಡದೆ ಕೂತಿರಬೇಕು, ಹೊರಗಿನ ಕಾಲು ಹೊರಳಾಡಬೇಕು. ಇವೆರಡರ ನಡುವೆ ಶಕ್ತಿ ದಾಟಿಸುವುದು ಹೇಗೆ? ಇಲ್ಲಿ ಬರುತ್ತದೆ ಯೂನಿವರ್ಸಲ್ ಜಾಯಿಂಟು. 16ನೇ ಶತಮಾನದ ಇಟಲಿಯ ಕಾರ್ಡಾನೊ ಹೆಸರನ್ನೂ 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರನ್ನೂ ಹೊತ್ತ ಈ ಕೀಲಿಗೆ ಒಂದು ಗುಣವಿದೆ. ಬಾಗಿದ ಸ್ಥಿತಿಯಲ್ಲಿ ತಿರುಗಿದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದಕ್ಕೇ ಎರಡು ಕೀಲು ಜೋಡಿಸುತ್ತಾರೆ. ಒಂದು ಮಾಡಿದ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ನನಗೆ ಇದನ್ನು ಎಷ್ಟು ನೆನೆದರೂ ಸಾಲದು. ಒಳ್ಳೆಯ ಯಂತ್ರಗಳಲ್ಲಿ ದೋಷವನ್ನು ಅಳಿಸಲಾಗದಿದ್ದಾಗ ಅದಕ್ಕೆ ಎದುರು ದೋಷವನ್ನು ನಿಲ್ಲಿಸುವ ಈ ಬಗೆಯ ಜಾಣತನ ಅಲ್ಲಲ್ಲಿ ಕಾಣುತ್ತದೆ.

ಎರಡೂ ಕೀಲುಗಳು ಮಡಿಕೆ ಮಡಿಕೆಯಾದ ರಬ್ಬರಿನ ಚೀಲದೊಳಗೆ ಬೆಚ್ಚಗಿರುತ್ತವೆ. ಅದಕ್ಕೆ ಬೆಲ್ಲೋಸ್ ಅನ್ನುತ್ತಾರೆ. ಕೀಲುಗಳ ಒಳಬದಿಗೇ, ಹಿಂಗೋಡೆಯ ಜಾಗದಲ್ಲಿ, ಶಾಫ್ಟನ್ನು ಹಿಡಿದು ನಿಲ್ಲಿಸುವುದು ಗಿಂಬಲ್ ಬೇರಿಂಗು. ರಬ್ಬರು ಒಣಗಿ ಬಿರಿದರೆ, ಇಲ್ಲ ಕಟ್ಟಿಹಾಕಿದ ದೋಣಿಯ ಬೆಲ್ಲೋಸನ್ನು ಮಸ್ಕ್‌ರಾಟ್ ಎಂಬ ನೀರಿಲಿ ಕಚ್ಚಿ ತೂತು ಮಾಡಿದರೆ (ಇಲ್ಲಿನವರಿಗೆ ಇದು ಹೊಸ ಸುದ್ದಿಯೇನಲ್ಲ), ಮೊದಲು ನೀರು ಕುಡಿಯುವುದು ಆ ಬೇರಿಂಗು. ಆಮೇಲೆ ದೋಣಿ ತಿರುಗಿಸಿದಾಗಲೆಲ್ಲ ಹಿಂದಿನಿಂದ ಗುರ್ ಎಂಬ ಸದ್ದು. ಆ ಸದ್ದು ಕೇಳಿಯೂ ಇನ್ನೊಂದು ವಾರಾಂತ್ಯ ಓಡಿಸಿಬಿಡೋಣ ಅನ್ನುವವರ ಬಗ್ಗೆ ನನಗೆ ಸಿಟ್ಟಿದೆ. ಬೇರಿಂಗಿನ ಆಚೆ ಇರುವುದು ದೋಣಿಯ ಹೊಟ್ಟೆ. ನೀರು ಅಲ್ಲಿಗೂ ಬರುತ್ತದೆ.

ಸರಿ, ಕಾಲು ಕಳಚಿದ್ದಾಯಿತು, ಪುಲ್ಲರ್ ಹಾಕಿ ಹಳೆಯದನ್ನು ಎಳೆದದ್ದಾಯಿತು, ಹೊಸದನ್ನು ಬಡಿದು ಕೂರಿಸಿದ್ದಾಯಿತು. ಇದೇ ಹಂತದಲ್ಲಿ ಕುಂದಾಪುರದ ಗೆಳೆಯನೊಬ್ಬ ಕೇಳಿದ್ದ: "ಕೂತಾಯ್ತಲ್ಲ ಮಾರಾಯ, ಇನ್ನೆಂಥ ನೋಡ್ಲಿಕ್ಕಿದೆ?"

ನೋಡಬೇಕಾದ್ದು ಗೆರೆಯನ್ನು. ಬೇರಿಂಗಿನಿಂದ ಹೊರಗೆ ಶಾಫ್ಟು ಬಳುಕಬಹುದು, ಅದಕ್ಕೆ ಕೀಲುಗಳಿವೆ. ಬೇರಿಂಗಿನಿಂದ ಒಳಗೆ, ಶಾಫ್ಟು ಎಂಜಿನ್ನಿಗೆ ಸಿಕ್ಕಿಕೊಳ್ಳುವ ಹಲ್ಲುಳ್ಳ ಕಪ್ಲರ್‌ವರೆಗೆ ಮಾತ್ರ ನೆಟ್ಟಗಿರಲೇಬೇಕು. ಅದನ್ನು ಪರೀಕ್ಷಿಸಲು ಅಲೈನ್‌ಮೆಂಟ್ ಬಾರ್ ಎಂಬ ದಪ್ಪ ಉಕ್ಕಿನ ಸಲಾಕೆ ಇದೆ. ಹೊಸ ಬೇರಿಂಗು ತನ್ನ ಗೂಡಿನಲ್ಲಿ ಸ್ವಲ್ಪ ಹೊರಳುವಂಥದ್ದು, ಆದ್ದರಿಂದ ಸಲಾಕೆ ತೂರಿಸಿ ಮೇಲೆ, ಕೆಳಗೆ, ಅಕ್ಕಪಕ್ಕ ಮೆಲ್ಲಗೆ ತಟ್ಟಿ ಅದನ್ನು ಮೊದಲು ನೆಟ್ಟಗೆ ನಿಲ್ಲಿಸಬೇಕು. ಆಮೇಲೆ ಸಲಾಕೆಯ ತುದಿಗೆ ತೆಳ್ಳಗೆ ಗ್ರೀಸು ಬಳಿದು ಕಪ್ಲರಿನೊಳಕ್ಕೆ ಹೊಗಿಸಬೇಕು. ನುರಿತ ಬಳೆಗಾರ ಬಳೆ ಏರಿಸುವ ಹಾಗೆ, ಎರಡು ಬೆರಳಿನ ಒತ್ತಡಕ್ಕೆ ಅದು ಸರಿದು ಹೋಗಬೇಕು. ಸುತ್ತಿಗೆ ಬೇಡಿತೋ, ಗೆರೆ ತಪ್ಪಿದೆ ಎಂದೇ ಅರ್ಥ.

ಹೊರಗೆಳೆದ ಸಲಾಕೆಯನ್ನು ಬೆಳಕಿಗೆ ಹಿಡಿದರೆ ಗ್ರೀಸಿನಲ್ಲಿ ಕಪ್ಲರಿನ ಹಲ್ಲುಗಳ ಅಚ್ಚು ಕಾಣುತ್ತದೆ. ಸುತ್ತಲೂ ಸಮನಾಗಿ ಬಿದ್ದಿದ್ದರೆ ಸಂತೋಷ. ಒಂದು ಪಕ್ಕದಲ್ಲಿ ಆಳವಾಗಿ ಬಿದ್ದು ಇನ್ನೊಂದು ಪಕ್ಕದಲ್ಲಿ ಗ್ರೀಸು ಹಾಗೇ ಉಳಿದಿದ್ದರೆ ಎಂಜಿನ್ನಿನ ಮುಂದಿನ ಮೌಂಟುಗಳಿಗೆ ಸ್ಪ್ಯಾನರ್ ಹಾಕಬೇಕು. ಹಿಂದಿನವು ಹಿಂಗೋಡೆಗೆ ಬಿಗಿದವು, ಅವುಗಳಲ್ಲಿ ಹೊಂದಿಸಲು ಏನೂ ಇಲ್ಲ. ಮುಂದಿನ ಎರಡನ್ನೂ ಸಮಸಮವಾಗಿ ಏರಿಸಿ ಇಲ್ಲವೇ ಇಳಿಸಿ, ಗ್ರೀಸು ಒರೆಸಿ, ಮತ್ತೆ ಬಳಿದು, ಮತ್ತೆ ತೂರಿಸಿ ನೋಡಬೇಕು. ಅಚ್ಚು ಸಮ ಬಂದ ಮೇಲೂ ಎಂಜಿನ್ನನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಬೇಕು, ನಟ್ಟು ಬಿಗಿದ ಮೇಲೆ ಮತ್ತೊಮ್ಮೆ. ಬಿಗಿಯುವಾಗಲೇ ಗೆರೆ ಸರಿಯುವುದುಂಟು. ಈ ಕೆಲಸಕ್ಕೆ ಬೇಜಾರುಪಡುವವರು ಮುಂದೆ ಕಪ್ಲರಿನ ರಬ್ಬರು ಸುಟ್ಟ ವಾಸನೆ ಕುಡಿಯುತ್ತಾರೆ. ಹಲ್ಲು ಸವೆದು ಕಪ್ಲರ್ ಕೈಕೊಟ್ಟರೆ ಎಂಜಿನ್ನು ಅಬ್ಬರಿಸುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಅದನ್ನು ಬದಲಿಸಲು ಇಡೀ ಎಂಜಿನ್ನನ್ನೇ ಎತ್ತಬೇಕು.

ನಮ್ಮ ಕರಾವಳಿಯಲ್ಲಿ ಇದೇ ಕೆಲಸದ ರೀತಿ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಆ 61 ದಿನ ಬೋಟುಗಳ ರಿಪೇರಿ ಕಾಲ. ಉದ್ದ ಶಾಫ್ಟಿನ ಬೋಟಿಗೆ ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ ಹಾಕಿ ಅಂತರ ನೋಡುತ್ತಾರೆ. ಕಪ್ಲಿಂಗ್ ಎಷ್ಟು ಇಂಚು ಅಗಲವೋ ಇಂಚಿನ ಸಾವಿರ ಪಾಲಿನಲ್ಲಿ ಅಷ್ಟು ಪಾಲಿನ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಕೂಡದು. ದಡದ ಮೇಲೆ ಹೊಂದಿಸಿದ್ದು ನೀರಿನಲ್ಲಿ ನಿಲ್ಲುವುದಿಲ್ಲ, ಒಡಲಿನ ಭಾರ ಕೂರುವ ರೀತಿಯೇ ಬೇರೆ. ಆದ್ದರಿಂದ ತಿಳಿದ ಮೆಕ್ಯಾನಿಕ್ "ಇಳಿಸಿ ಒಂದು ದಿನ ಬಿಡಿ, ಮತ್ತೆ ನೋಡುವ" ಅನ್ನುತ್ತಾನೆ. ಶಾಫ್ಟಿನ ಬೇರಿಂಗಿನ ಚರಿತ್ರೆಯೂ ಸೊಗಸು. 1850ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಪೆನ್, ಹಡಗಿನ ಶಾಫ್ಟಿಗೆ ಲಿಗ್ನಮ್ ವೈಟೀ ಎಂಬ ಮರದ ಬೇರಿಂಗ್ ಹಾಕಿದ. ಮರದ ಒಳಗಿನ ರಾಳವೂ ಸುತ್ತಲಿನ ನೀರೂ ಸೇರಿ ಅದಕ್ಕೆ ಎಣ್ಣೆಯ ಗೊಡವೆಯೇ ಇರಲಿಲ್ಲ. ಮೊದಲ ಪರಮಾಣು ಜಲಾಂತರ್ಗಾಮಿ ನಾಟಿಲಸ್‌ನಲ್ಲೂ ಅದೇ ಮರ ಇತ್ತು.

ಮರದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಹಳೆಯ ಫೈಬರ್ ದೋಣಿಗಳಲ್ಲಿ ಎಂಜಿನ್ನಿನ ಮುಂದಿನ ಮೌಂಟು ಕೂರುವುದು ಫೈಬರ್ ಹೊದಿಸಿದ ಮರದ ತೊಲೆಯ ಮೇಲೆ. ಮೇಲಿನಿಂದ ಗಟ್ಟಿ ಕಾಣುವ ತೊಲೆ ಒಳಗೆ ನೀರು ಹೀರಿ ಮೆತ್ತಗಾಗಿರುತ್ತದೆ. ಈ ವರ್ಷ ಹೊಂದಿಸಿದ ಗೆರೆ ಮುಂದಿನ ವರ್ಷಕ್ಕೆ ತಪ್ಪಿರುತ್ತದೆ, ಜನ ಬೇರಿಂಗಿನ ಕಂಪನಿಯನ್ನು ಬೈಯುತ್ತಾರೆ. ಮೌಂಟಿನ ಬೋಲ್ಟು ಬಿಗಿಯುತ್ತ ಹೋದಂತೆ ಹಿಡಿತ ಸಿಗದೆ ಸುಮ್ಮನೆ ತಿರುಗುತ್ತಿದ್ದರೆ ಸ್ಪ್ಯಾನರ್ ಕೆಳಗಿಡಿ. ಸಲಾಕೆಯನ್ನೂ ಬೇರಿಂಗನ್ನೂ ಬದಿಗಿಟ್ಟು, ಆ ತೊಲೆಗೆ ಒಂದು ಸಣ್ಣ ತೂತು ಕೊರೆದು, ಡ್ರಿಲ್ಲಿನ ಜೊತೆ ಹೊರಬರುವ ಪುಡಿ ಒಣಗಿದೆಯೋ ಕಪ್ಪಗೆ ಒದ್ದೆಯಾಗಿದೆಯೋ ಮೊದಲು ನೋಡಿ.